ದೇವರು ಹೊರಗೆ ಬರುವ ವಾಸ್ತು: ದುರ್ಗ ಸೀಮೆಯ ಯಾತ್ರಾಸ್ಥಳಗಳು ಮತ್ತು ಮಧ್ಯಯುಗದ ಕ್ರೈಸ್ತ ಯಾತ್ರಾಲಯಗಳು

1144ರ ಜೂನ್ 11ರಂದು ಪ್ಯಾರಿಸ್ ಸಮೀಪದ ಸೇಂಟ್ ಡೆನಿ ಮಠದ ಚರ್ಚಿನ ಹೊಸ ಪೂರ್ವಭಾಗ ಪ್ರತಿಷ್ಠೆಗೊಂಡಿತು. ಅದನ್ನು ಕಟ್ಟಿಸಿದ ಮಠಾಧಿಪತಿ ಸೂಜೆ, ಹಳೆಯ ಕಟ್ಟಡವನ್ನು ಯಾಕೆ ಒಡೆಯಬೇಕಾಯಿತೆಂದು ತಾನೇ ಬರೆದಿಟ್ಟಿದ್ದಾನೆ. ಹಬ್ಬದ ದಿನ ಸಂತರ ಅವಶೇಷಗಳನ್ನು ಮುಟ್ಟಿ ಮುತ್ತಿಡಲು ಜನ ಮುಗಿಬೀಳುತ್ತಿದ್ದರು. ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡ ಹೆಂಗಸರು ಉಸಿರುಕಟ್ಟಿ ಚೀರುತ್ತಿದ್ದರು. ಅವಶೇಷಗಳನ್ನು ತೋರಿಸುತ್ತಿದ್ದ ಸನ್ಯಾಸಿಗಳು ಬೇರೆ ದಾರಿ ಕಾಣದೆ ಅವುಗಳ ಸಮೇತ ಕಿಟಕಿಯಿಂದ ಪಾರಾದದ್ದೂ ಉಂಟು. ಗೋಥಿಕ್ ಶೈಲಿಯ ಮೊದಲ ಕಟ್ಟಡವೆಂದು ಕಲಾ ಇತಿಹಾಸಕಾರರು ಗುರುತಿಸುವ ಆ ರಚನೆಗೆ ದೇವರ ಬೆಳಕಿನ ತತ್ತ್ವದಷ್ಟೇ ಜಾತ್ರೆಯ ಜನಸಂದಣಿಯೂ ಕಾರಣವಾಗಿತ್ತು.

ಯಾತ್ರಾಸ್ಥಳದ ವಾಸ್ತುವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ. ಜನ ಬಂದಾಗ ಕಟ್ಟಡ ಏನು ಮಾಡುತ್ತದೆ? ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ಸೀಮೆಗೆ ಈ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಿಲ್ಲ. ಇಲ್ಲಿನ ದೇವಾಲಯಗಳನ್ನು ಹೊಯ್ಸಳ, ವಿಜಯನಗರ, ನಾಯಕರ ಕಾಲ ಎಂದು ವಿಂಗಡಿಸಿ, ಹಳೇಬೀಡು ಹಂಪಿಗಳ ಪಕ್ಕದಲ್ಲಿ ಸಾಧಾರಣ ರಚನೆಗಳೆಂದು ಬದಿಗಿಡುವುದು ವಾಡಿಕೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಂಥ ಅಚ್ಚುಕಟ್ಟಾದ ಕಟ್ಟಡಕ್ಕಷ್ಟೇ ಮೆಚ್ಚುಗೆಯ ಮಾತು ಸಲ್ಲುತ್ತದೆ. ಗರ್ಭಗುಡಿ, ನವರಂಗ, ಶಿಖರಗಳನ್ನು ಮಾತ್ರ ವಾಸ್ತುವೆಂದು ಎಣಿಸಿದರೆ ಆ ತೀರ್ಪು ಸರಿಯೇ. ಆದರೆ ಈ ಸೀಮೆಯ ಯಾತ್ರಾಸ್ಥಳಗಳ ಬಹುಪಾಲು ವಾಸ್ತು ಇರುವುದು ಗುಡಿಯ ಹೊರಗೆ. ಈ ಲೇಖನದ ವಾದ ಇದು.

ಮೊದಲು ಯುರೋಪಿನ ಮಾದರಿ. ಸಂತನ ಸಮಾಧಿಯೋ ಅಸ್ಥಿಯೋ ಚರ್ಚಿನ ಪೂರ್ವ ತುದಿಯಲ್ಲಿರುತ್ತದೆ. ಪೂಜೆ ನಡೆಯುತ್ತಿರುವಾಗಲೂ ಅದಕ್ಕೆ ಅಡ್ಡಿಯಾಗದಂತೆ ಯಾತ್ರಿಕರು ಸುತ್ತಿ ಬರಬೇಕು. ಅದಕ್ಕಾಗಿ ಬಲಿಪೀಠದ ಹಿಂದೆ ಅರ್ಧವೃತ್ತಾಕಾರದ ಪ್ರದಕ್ಷಿಣಾಪಥ ಹುಟ್ಟಿತು, ಅದರ ಹೊರ ಅಂಚಿನಲ್ಲಿ ಹೂವಿನ ದಳಗಳಂತೆ ಕಿರುಗುಡಿಗಳು ಮೂಡಿದವು. ತುಲೂಸಿನ ಸೇಂಟ್ ಸೆರ್ನಾಂ, ಕಾಂಕ್ ಊರಿನ ಸೇಂಟ್ ಫುವಾ, 1075ರ ಹೊತ್ತಿಗೆ ಆರಂಭವಾಗಿ 1211ರಲ್ಲಿ ಪ್ರತಿಷ್ಠೆಗೊಂಡ ಸ್ಪೇನಿನ ಸಾಂತಿಯಾಗೋ ಮಹಾಚರ್ಚು, ಎಲ್ಲವೂ ಇದೇ ವಿನ್ಯಾಸದವು. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ 1170ರಲ್ಲಿ ಕೊಲೆಯಾದ ಥಾಮಸ್ ಬೆಕೆಟ್‌ನ ಅಸ್ಥಿಗಳಿಗಾಗಿ ಚರ್ಚಿನ ಪೂರ್ವ ತುದಿಯನ್ನೇ ಎತ್ತರಿಸಿ ಹೊಸದಾಗಿ ಕಟ್ಟಿ, 1220ರಲ್ಲಿ ಅವುಗಳನ್ನು ಅಲ್ಲಿಗೆ ಸಾಗಿಸಿದರು. 1538ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಆ ಸಮಾಧಿ ನಾಶವಾಯಿತು. ಅಲ್ಲಿಗೆ ಏರುವ ಮೆಟ್ಟಿಲುಗಳು ಮಾತ್ರ ಯಾತ್ರಿಕರ ತುಳಿತಕ್ಕೆ ಸವೆದು ಹಳ್ಳಬಿದ್ದು ಇಂದಿಗೂ ಉಳಿದಿವೆ. ಒಟ್ಟಿನಲ್ಲಿ, ಜನ ಹೆಚ್ಚಿದಂತೆ ಅವರನ್ನು ಒಳಗೆ ತೆಗೆದುಕೊಳ್ಳಲು ಅಲ್ಲಿ ಕಟ್ಟಡ ಬೆಳೆಯಿತು.

ಈಗ ಚಿತ್ರದುರ್ಗದ ಮೇಲುದುರ್ಗ ಹತ್ತೋಣ. ಹೊಯ್ಸಳರ ಕಾಲದ ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎಂದು ಕರೆಸಿಕೊಂಡ ಈ ಬೆಟ್ಟದ ಮೇಲೆ ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ ಮುಂತಾದ ಗುಡಿಗಳಿವೆ. 1568ರಿಂದ 1779ರವರೆಗೆ ಆಳಿದ ನಾಯಕರಿಗಿಂತ ಹಳೆಯ ನೆಲೆಗಳೂ ಇವುಗಳಲ್ಲಿವೆ. ಬಂಡೆಗೆ ಆತುಕೊಂಡ ಈ ಗುಡಿಗಳ ಒಳಗೆ ಹೆಚ್ಚು ಜನ ನಿಲ್ಲಲಾರರು. ಹಾಗೆಂದು ಕಟ್ಟಿಸಿದವರು ಜನರನ್ನು ಮರೆತಿರಲಿಲ್ಲ. ಗುಡಿಯ ಮುಂದಿನ ಅಂಗಳಕ್ಕೆ ಬಂದರೆ ಎರಡು ಎತ್ತರದ ಕಲ್ಲುಕಂಬಗಳು, ಅವುಗಳ ನೆತ್ತಿಯ ಮೇಲೊಂದು ಕಲ್ಲಿನ ತೊಲೆ: ಉಯ್ಯಾಲೆ ಕಂಬ. ಹತ್ತಿರದಲ್ಲೇ ಒಂಟಿಯಾಗಿ ನಿಂತ ದೀಪಸ್ತಂಭ. ಉಯ್ಯಾಲೆ ಕಂಬಕ್ಕೆ ಗೋಡೆಯಿಲ್ಲ, ಸೂರಿಲ್ಲ. ತೊಲೆಯಿಂದ ಇಳಿಬಿಟ್ಟ ಉಯ್ಯಾಲೆಯಲ್ಲಿ ಉತ್ಸವಮೂರ್ತಿಯನ್ನು ಕೂರಿಸಿದಾಗ ಸುತ್ತಲಿನ ಬಂಡೆಗಳ ಮೇಲೆ ನಿಂತ ಸಾವಿರ ಜನರಿಗೂ ದೇವರು ಕಾಣಬೇಕೆಂಬ ಲೆಕ್ಕ ಅದರ ಎತ್ತರದಲ್ಲಿದೆ. ಗುಡಿಯ ನಕ್ಷೆ ಬರೆಯುವವರು ಈ ಕಂಬಗಳನ್ನು ಹಾಳೆಯ ಹೊರಗೆ ಬಿಡುವುದುಂಟು. ನನ್ನ ಮಟ್ಟಿಗೆ ನಕ್ಷೆ ಶುರುವಾಗಬೇಕಾದದ್ದೇ ಅಲ್ಲಿಂದ.

ಹಿಡಿಂಬೇಶ್ವರದಲ್ಲಿ ಯುರೋಪಿನ ಯಾತ್ರಿಕನಿಗೆ ಕೂಡಲೇ ಪರಿಚಿತವೆನಿಸುವ ವಸ್ತುವೂ ಇತ್ತು. ಭೀಮ ಕೊಂದ ಹಿಡಿಂಬನ ಹಲ್ಲೆಂದು ತೋರಿಸುವ ಒಂದು ಮೂಳೆಯ ತುಂಡು ಮತ್ತು ಭೀಮನ ಭೇರಿಯೆಂದು ಹೇಳುವ, ಕಬ್ಬಿಣದ ತಗಡುಗಳ ಉರುಳೆ. ಉರುಳೆಯ ಎತ್ತರ 6 ಅಡಿ, ಸುತ್ತಳತೆ 10 ಅಡಿ ಎಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಪೋಲೆಂಡಿನ ಕ್ರಾಕೋವ್ ನಗರದ ವಾವೆಲ್ ಮಹಾಚರ್ಚಿನ ಬಾಗಿಲಲ್ಲೂ ಸರಪಳಿಯಿಂದ ತೂಗುಬಿಟ್ಟ ದೊಡ್ಡ ಮೂಳೆಗಳಿವೆ. ಅವು ಬೆಟ್ಟದ ಗುಹೆಯಲ್ಲಿದ್ದ ಡ್ರ್ಯಾಗನ್ನಿನವು ಎಂಬುದು ಊರಿನ ನಂಬಿಕೆ, ವಿಜ್ಞಾನದ ಪ್ರಕಾರ ಗತಕಾಲದ ದೊಡ್ಡ ಪ್ರಾಣಿಗಳವು. ಎರಡೂ ಕಡೆ ಪೂಜೆ ಸಲ್ಲುವುದು ಮೂಳೆಗಲ್ಲ. ಈ ಬೆಟ್ಟದ ಕಥೆ ನಿಜವೆಂದು ಸಾಕ್ಷಿ ಹೇಳುವುದಷ್ಟೇ ಅದರ ಕೆಲಸ. ಬಂದವನು ಕೈಯಿಂದ ಮುಟ್ಟಿ, ಕಣ್ಣಿಂದ ಅಳೆದು, ಊರಿಗೆ ಹೋಗಿ ಹೇಳಬೇಕು. ಯಾತ್ರಾಸ್ಥಳ ಬೆಳೆಯುವುದು ಹೀಗೆಯೇ.

ಸಂತನ ಸಮಾಧಿಗೆ ನಮ್ಮಲ್ಲಿ ಸರಿಸಾಟಿಯಾದದ್ದು ಗದ್ದುಗೆ. ಈ ಜಿಲ್ಲೆಯಲ್ಲಿ ಅದರ ದೊಡ್ಡ ನಿದರ್ಶನ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕ್ಷೇತ್ರ. ಕೆರೆಗಳನ್ನು ಕಟ್ಟಿಸಿದ ಸಂತನೆಂದು ಜನ ನೆನೆಯುವ ತಿಪ್ಪೇಸ್ವಾಮಿಯ ನೆಲೆ ಎರಡು ಕಡೆ ಹಂಚಿಕೊಂಡಿದೆ: ಊರೊಳಗೆ ಒಳಮಠ, ಊರಾಚೆ ಕೆರೆಯ ಬಳಿ ಹೊರಮಠ. ಸೇಂಟ್ ಡೆನಿಯಲ್ಲಿ ಒಂದೇ ಸೂರಿನಡಿ ಸುತ್ತುವ ಯಾತ್ರಿಕ ಇಲ್ಲಿ ಎರಡು ಮಠಗಳ ನಡುವೆ ನಡೆಯುತ್ತಾನೆ. ಫಾಲ್ಗುಣದ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರಿದರೂ ಯಾರೂ ಮಠವನ್ನು ಒಡೆದು ಹಿಗ್ಗಿಸಬೇಕಾಗಿ ಬರಲಿಲ್ಲ. ತೇರು ಬೀದಿಗೆ ಬರುತ್ತದೆ, ಭಕ್ತರು ಬಯಲಲ್ಲೇ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ, ಮುಕ್ತಿ ಬಾವುಟದ ಹರಾಜೂ ಎಲ್ಲರೆದುರಿಗೇ ನಡೆಯುತ್ತದೆ.

ಹಿರಿಯೂರಿನ ತೇರುಮಲ್ಲೇಶ್ವರನಲ್ಲಿ ಈ ಲಕ್ಷಣ ಇನ್ನೂ ನಿಚ್ಚಳ. ಹೇಮರೆಡ್ಡಿ ಮಲ್ಲಮ್ಮನ ಭಕ್ತಿಗೆ ಒಲಿದ ಮಲ್ಲಿಕಾರ್ಜುನ ತೇರಿನಲ್ಲಿ ಬಂದು ನೆಲೆಸಿದನೆಂದು ಸ್ಥಳಪುರಾಣ. ಎತ್ತರದ ಗೋಪುರ ದಾಟಿ ಒಳಗೆ ಬಂದವರು ಮುಖಮಂಟಪದ ಚಾವಣಿಯತ್ತ ತಲೆಯೆತ್ತಬೇಕು. ಅಲ್ಲಿರುವುದು ಪುರಾಣದ ದೃಶ್ಯಗಳ ವರ್ಣಚಿತ್ರಗಳು. ಕ್ಯಾಂಟರ್ಬರಿಯಲ್ಲಿ ಬೆಕೆಟ್‌ನ ಪವಾಡಗಳನ್ನು ಬಣ್ಣದ ಗಾಜಿನ ಕಿಟಕಿಗಳಲ್ಲಿ ಹೇಳಿದ್ದರೆ, ಇಲ್ಲಿ ಓದು ಬಾರದವರಿಗೂ ಕಥೆ ತಲುಪಿಸುವ ಕೆಲಸವನ್ನು ಈ ಚಾವಣಿ ಹೊತ್ತಿದೆ. ಚಿತ್ರವಿರುವುದು ಗರ್ಭಗುಡಿಯಲ್ಲಲ್ಲ, ಜನ ಕಾಯುತ್ತ ನಿಲ್ಲುವ ಜಾಗದಲ್ಲಿ ಎಂಬುದು ಗಮನಿಸಬೇಕಾದ ಮಾತು.

ಹೊಳಲ್ಕೆರೆ ಇದನ್ನು ಕೊನೆಯ ಹಂತಕ್ಕೆ ಒಯ್ಯುತ್ತದೆ. 15ನೇ ಶತಮಾನದ, ಸುಮಾರು 9 ಅಡಿ ಎತ್ತರದ ಬಯಲು ಗಣಪನಿಗೆ ಗೋಪುರದ ಹಂಗಿಲ್ಲ. ಗೋಡೆಯಿಲ್ಲದ ಮೂರ್ತಿಗೆ ಹಿಂಬದಿಯೂ ಮುಂಬದಿಯಷ್ಟೇ ಮುಖ್ಯವಾಗುತ್ತದೆ. ಶಿಲ್ಪಿ ಅದನ್ನು ಅರಿತಿದ್ದ. ಬೆನ್ನ ಮೇಲೆ ಹೆಣೆದ ಜಡೆ ಇಳಿದಿದೆ. ಗೋಡೆಗೆ ಬೆನ್ನು ಕೊಡುವ ಗಣಪನಿಗೆ ಇಂಥ ಜಡೆ ಕೆತ್ತುವ ಅಗತ್ಯವೇ ಇರಲಿಲ್ಲ. ಸುತ್ತು ಹಾಕುವ ಭಕ್ತನ ಕಣ್ಣನ್ನು ನೆನೆದು ಮಾಡಿದ ಕೆಲಸ ಅದು.

ಯುರೋಪಿನಲ್ಲಿ ದೇವರು ಹೊರಗೆ ಬರಲೇ ಇಲ್ಲವೆಂದು ಇದರ ಅರ್ಥವಲ್ಲ. ಕಾಂಕ್‌ನ ಸೇಂಟ್ ಫುವಾ ಮೂರ್ತಿ ಸುಮಾರು 85 ಸೆಂಟಿಮೀಟರ್ ಎತ್ತರದ್ದು. ಮರದ ತಿರುಳಿಗೆ ಚಿನ್ನದ ತಗಡು ಹೊದಿಸಿ ಹರಳು ಕೂರಿಸಿದ, ಪೀಠದ ಮೇಲೆ ಕುಳಿತ ರೂಪ. ಅದರೊಳಗೆ ಸಂತಳ ತಲೆಬುರುಡೆಯ ಅವಶೇಷವಿದೆ. ಕಷ್ಟ ಬಂದಾಗ, ಜಮೀನಿನ ವ್ಯಾಜ್ಯವೆದ್ದಾಗ ಸನ್ಯಾಸಿಗಳು ಅದನ್ನು ಮೆರವಣಿಗೆಯಲ್ಲಿ ಹೊತ್ತು ಹೊರಡುತ್ತಿದ್ದರು. 11ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೋದ ಬರ್ನಾರ್ ಎಂಬ ವಿದ್ವಾಂಸ ಮೊದಲು ಇದು ವಿಗ್ರಹಾರಾಧನೆಯೆಂದು ಜರೆದು, ಆಮೇಲೆ ಮನಸ್ಸು ಬದಲಿಸಿ ಆಕೆಯ ಪವಾಡಗಳನ್ನೇ ಬರೆದಿಟ್ಟ. ನಮ್ಮ ಉತ್ಸವಮೂರ್ತಿಗೆ ಇದಕ್ಕಿಂತ ಹತ್ತಿರದ ಬಂಧು ಸಿಗುವುದು ಕಷ್ಟ. ಆದರೂ ಯುರೋಪಿನ ಹಣ, ಶ್ರಮ, ಪ್ರತಿಭೆಗಳು ಹೆಚ್ಚಾಗಿ ಸೂರಿನ ಕೆಳಗೇ ಸೇರಿದವು. ಇಲ್ಲಿ ಅವು ತೇರಿನ ಗಾಲಿ, ಅಚ್ಚು, ಮರದ ಕೆತ್ತನೆ, ತೇರುಬೀದಿ, ಪಾದಗಟ್ಟೆಗಳಿಗೂ ಹರಿದವು.

ಇದಕ್ಕೆ ಕಾರಣ ಬಿಸಿಲು ಮಳೆಯ ಹವೆ ಮಾತ್ರವಲ್ಲ. ಗರ್ಭಗುಡಿಗೆ ಅರ್ಚಕನಲ್ಲದೆ ಬೇರೆಯವರಿಗೆ ಪ್ರವೇಶವಿರಲಿಲ್ಲ, ಅನೇಕ ಜಾತಿಯವರಿಗೆ ಗುಡಿಯ ಬಾಗಿಲೇ ಮುಚ್ಚಿತ್ತು. ಒಳಗೆ ಬಿಡದ ಜನರಿಗೆ ದೇವರು ಸಿಗುತ್ತಿದ್ದದ್ದು ಬೀದಿಯಲ್ಲಿ. ತೇರಿನ ವಾಸ್ತುವನ್ನು ಹೊಗಳುವಾಗ ಈ ಕಹಿಯನ್ನೂ ಹೇಳಬೇಕು. ಬೀದಿಯ ಭವ್ಯತೆಗೆ ಮುಚ್ಚಿದ ಬಾಗಿಲಿನ ಪಾಲೂ ಇದೆ.

ಈ ನೆಲದ ಗುಣ ಎಷ್ಟು ಗಟ್ಟಿಯೆಂಬುದಕ್ಕೆ ಇಲ್ಲಿನ ಕ್ರೈಸ್ತರೇ ಸಾಕ್ಷಿ. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ 1882ರಲ್ಲಿ ಪ್ರತಿಷ್ಠೆಗೊಂಡ ಗೋಥಿಕ್ ಕಟ್ಟಡ. ಸೂಜೆಯ ಚೂಪುಕಮಾನುಗಳು ಅಲ್ಲಿಗೂ ಬಂದಿವೆ. ಆದರೆ ಪ್ರತಿ ಸೆಪ್ಟೆಂಬರ್ 8ರಂದು ಮೇರಿ ಮಾತೆ ತೇರೇರಿ ಬೀದಿಗೆ ಬರುತ್ತಾಳೆ. ಕಟ್ಟಡ ಯುರೋಪಿನದು, ಹಬ್ಬದ ನಡೆ ಈ ನಾಡಿನದು.

ದುರ್ಗ ಸೀಮೆಯ ಶಾಸನಗಳನ್ನು ರೈಸ್ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ, 1903ರಲ್ಲೇ ಪ್ರಕಟಿಸಿದರು. ಕಲ್ಲಿನ ಅಕ್ಷರಕ್ಕೆ ಸಿಕ್ಕ ಆ ಆಸ್ಥೆ ತೇರಿನ ಮರಕ್ಕೆ, ಉಯ್ಯಾಲೆ ಕಂಬಕ್ಕೆ, ಚಾವಣಿಯ ಬಣ್ಣಕ್ಕೂ ಸಿಗಬೇಕು. ಕಲ್ಲು ಕಾಯುತ್ತದೆ, ಮರವೂ ಬಣ್ಣವೂ ಕಾಯುವುದಿಲ್ಲ. ಗಾಲಿ ಮುರಿದು ಹೊಸ ತೇರು ಮಾಡಿಸುವ ಊರಿನವರು ಹಳೆಯ ಕೆತ್ತನೆಯ ಹಲಗೆಗಳನ್ನು ಒಲೆಗೂ ಹರಾಜಿಗೂ ಕೊಡದೆ ಇಟ್ಟುಕೊಳ್ಳಲಿ. ಚಾವಣಿಗೆ ಸುಣ್ಣ ಬಳಿಯುವ ಮುನ್ನ ಒಂದೊಂದು ಚಿತ್ರದ ಫೋಟೊ ತೆಗೆಸಲಿ. ತೇರು ಕಟ್ಟುವ ಬಡಗಿಗಳು ಬಾಯಿಂದ ಬಾಯಿಗೆ ಉಳಿಸಿಕೊಂಡ ಅಳತೆಗಳನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಈಗಲೇ ಬರೆದಿಟ್ಟುಕೊಳ್ಳಲಿ.