ತಪ್ಪೋ, ತಮಾಷೆಯೋ?

ಸಿನಿಮಾವನ್ನು ತುಂಡುತುಂಡಾಗಿ, ಬೇರೆಬೇರೆ ದಿನ ತೆಗೀತಾರೆ. ಹಾಗಾಗಿ ಈಗ ತಲೆಮೇಲಿದ್ದ ಟೋಪಿ ಮರುಚಣ ಕೈಯಲ್ಲಿರ್ತದೆ. ಇದು ಕಣ್ತಪ್ಪು.

ಆದರೆ 1974ರಲ್ಲಿ ಅಮೆರಿಕದ ಮೆಲ್ ಬ್ರೂಕ್ಸ್ ತೆಗೆದ ‘ಬ್ಲೇಜಿಂಗ್ ಸ್ಯಾಡಲ್ಸ್’ ಎಂಬ ಕೌಬಾಯ್ ಹಾಸ್ಯಚಿತ್ರದಲ್ಲಿ ಬೇಕಂತಲೇ ಮಾಡಿದ ತಪ್ಪುಗಳಿವೆ. ಕತೆ ನಡೆಯೋದು 1874ರಲ್ಲಿ. ಅದಾಗಿ 30 ವರ್ಷಕ್ಕೆ ಹುಟ್ಟಿದ ಸಂಗೀತಗಾರ ಕೌಂಟ್ ಬೇಸಿ ಮರುಭೂಮಿ ನಡುವೆ ವಾದ್ಯಮೇಳ ಸಮೇತ ನುಡಿಸ್ತಾ ಕೂತಿರ್ತಾರೆ! ಕೊನೆಯ ಹೊಡೆದಾಟವಂತೂ ಸ್ಟುಡಿಯೋ ಗೋಡೆ ಒಡೆದು ಪಕ್ಕದ ಚಿತ್ರದ ಸೆಟ್ಟಿಗೇ ನುಗ್ತದೆ.

ಬಿಳಿಯರ ಊರಿಗೆ ಕಪ್ಪು ವರ್ಣದವನೊಬ್ಬ ಷರೀಫನಾಗಿ, ಅಂದರೆ ಊರ ಕಾವಲಿನ ಅಧಿಕಾರಿಯಾಗಿ, ಬರ್ತಾನೆ. ಅವನಿಗೆ ಬೀಳುವ ಬೈಗುಳ ಕೇಳಿ ಕೆಲವು ನೋಡುಗರು ನೊಂದರು. ನಗೆಗೀಡಾದವರು ಬೈದವರೇ ಅಂದರು ಇನ್ನು ಕೆಲವರು. ನನಗೂ ಹಾಗೇ ಕಾಣ್ತದೆ.

ಆ ಕಾಲದ ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನ ಬಹಳ ಮಂದಿ ಇದ್ದರು. ಹಳೆಯ ಚಿತ್ರಗಳಲ್ಲಿ ಅವರು ಕಾಣಿಸಿದ್ದೇ ಅಪರೂಪ. ಟೋಪಿಯ ತಪ್ಪು ಹಿಡಿಯೋ ಕಣ್ಣು ಈ ತಪ್ಪನ್ನೂ ಹಿಡೀಬೇಕು.