ಬಾವಿ, ನಲ್ಲಿ ಮತ್ತು ಮನೆಯ ಮಿತವ್ಯಯ: ಮುಂಬಯಿಯ ನೀರಿನ ಚರಿತ್ರೆಯಿಂದ ಒಂದು ಪಾಠ

ಮುಂಬಯಿಯ ಚರ್ಚ್‌ಗೇಟ್ ಬಳಿ ಭೀಖಾ ಬೆಹ್ರಾಮ್ ಎಂಬ ಪಾರಸಿ ವರ್ತಕನು 1725ರಲ್ಲಿ ತೋಡಿಸಿದ ಬಾವಿಯು ಇಂದಿಗೂ ಸಿಹಿನೀರನ್ನು ಕೊಡುತ್ತಿದೆ. ಕಡಲು ಬಳಸಿದ ದ್ವೀಪದಲ್ಲಿ ಸಿಹಿನೀರಿನ ಸೆಲೆಯನ್ನು ಪವಿತ್ರವೆಂದು ಭಾವಿಸಿದುದು ಸಹಜವೇ ಆಗಿದೆ. ಆ ಕಾಲದ ಮುಂಬಯಿ ಬಾವಿ ಕೆರೆಗಳನ್ನೇ ನಂಬಿ ಬದುಕಿದ ಪಟ್ಟಣವಾಗಿದ್ದಿತು.

ಬಾವಿಯು ನೀರಿನ ಆಕರವಷ್ಟೇ ಅಲ್ಲ, ಅದರ ಅಳತೆಗೋಲೂ ಅಹುದು. ಹಗ್ಗ ಎಷ್ಟು ಮಾರು ಇಳಿಯಿತೆಂಬುದರಿಂದಲೇ ಗೃಹಿಣಿಯು ಬೇಸಗೆಯ ತೀವ್ರತೆಯನ್ನು ಅರಿಯುತ್ತಿದ್ದಳು. ಸೇದುವ ಶ್ರಮವು ಬಳಕೆಗೆ ಮಿತಿಯನ್ನು ತಾನಾಗಿಯೇ ವಿಧಿಸುತ್ತಿದ್ದಿತು. ಕನ್ನಡ ಕರಾವಳಿಯಿಂದ ಬಂದು ಈ ನಗರದಲ್ಲಿ ನೆಲಸಿದವರಿಗೆ ಈ ನೀತಿ ಹೊಸದಲ್ಲ. ಅವರ ಊರ ಮನೆಗಳಲ್ಲಿ ಅಕ್ಕಿ ತೊಳೆದ ನೀರು ಹಟ್ಟಿಯ ಹಸುವಿಗೆ, ಬಚ್ಚಲ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ ಸಲ್ಲುತ್ತಿದ್ದಿತು. ಒಂದು ಕೊಡ ನೀರು ಎರಡು ಬಾರಿ ದುಡಿಯುತ್ತಿದ್ದಿತು.

ಜನಸಂಖ್ಯೆ ಬೆಳೆದಂತೆ ಬಾವಿ ಕೆರೆಗಳು ಸಾಲದಾದುವು. 1860ರಲ್ಲಿ ವಿಹಾರ ಜಲಾಶಯದಿಂದ ಕೊಳವೆಯ ನೀರು ನಗರವನ್ನು ಸೇರಿತು. ಅನಂತರ 1879ರಲ್ಲಿ ತುಳಸಿ, 1892ರಲ್ಲಿ ತಾನಸಾ ಜಲಾಶಯಗಳು ಸಿದ್ಧವಾದುವು. ಇತ್ತ ಬಾವಿಗಳಲ್ಲಿ ಮಲೇರಿಯಾ ಸೊಳ್ಳೆ ಬೆಳೆಯುವುದೆಂದು ಡಾ. ಬೆಂಟ್ಲಿಯವರ ವರದಿಯು 1911ರಲ್ಲಿ ತೋರಿಸಿದ ಬಳಿಕ ಅನೇಕ ಬಾವಿಗಳು ಮುಚ್ಚಲ್ಪಟ್ಟುವು. ಧಾರ್ಮಿಕ ಕಾರಣದಿಂದ ಇದನ್ನು ವಿರೋಧಿಸಿದವರೂ ಇದ್ದರು. ಆರೋಗ್ಯದ ದೃಷ್ಟಿಯಿಂದ ಈ ಕ್ರಮವನ್ನು ಹಳಿಯಲಾಗದು. ಆದರೆ ಬಾವಿಯೊಡನೆ ಮನೆಯ ಅಳತೆಗೋಲೂ ಮರೆಯಾಯಿತು. ನಲ್ಲಿಯನ್ನು ತಿರುಗಿಸುವವನಿಗೆ ದೂರದ ಜಲಾಶಯದ ಮಟ್ಟ ಕಾಣಿಸದು.

ನಲ್ಲಿಯು ತನ್ನದೇ ಆದ ಒಂದು ಅಭ್ಯಾಸವನ್ನೂ ತಂದಿತು. ಗೊತ್ತಾದ ವೇಳೆಯಲ್ಲಿ ಮಾತ್ರ ನೀರು ಬರುವ ಚಾಳುಗಳಲ್ಲಿ ಪೀಪಾಯಿಗಳನ್ನು ತುಂಬಿಡುವುದು ಅನಿವಾರ್ಯವಾಯಿತು. ಮರುದಿನ ಹೊಸ ನೀರು ಬಂದೊಡನೆ ಉಳಿದುದನ್ನು ಹಳತೆಂದು ಮೋರಿಗೆ ಚೆಲ್ಲುವುದೂ ರೂಢಿಯಾಯಿತು. ಕೊರತೆಯ ಭಯವೇ ಪೋಲಿಗೆ ಕಾರಣವಾದುದು ಇಲ್ಲಿಯ ವಿಪರ್ಯಾಸ. ಮುಚ್ಚಿಟ್ಟ ನಿನ್ನೆಯ ನೀರು ಬಟ್ಟೆ ಒಗೆಯಲು, ನೆಲ ಒರೆಸಲು ಸರ್ವಥಾ ಯೋಗ್ಯವೇ ಆಗಿದೆ.

ಲೆಕ್ಕವೊಂದನ್ನು ಗಮನಿಸುವುದು ಉಚಿತ. ಮುಂಬಯಿಯಲ್ಲಿ ವರ್ಷಕ್ಕೆ ಸಾಧಾರಣವಾಗಿ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. 100 ಚದರ ಮೀಟರ್ ಛಾವಣಿಯ ಮೇಲೆ 2,000 ಮಿಲಿಮೀಟರ್ ಮಳೆಯೆಂದರೆ 2 ಲಕ್ಷ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಪ್ರಮಾಣವನ್ನು ಹಿಡಿದರೆ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಬೇಕಾಗುವುದು 1,97,100 ಲೀಟರ್. ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ, ಬಹುಮಹಡಿಯ ಕಟ್ಟಡದಲ್ಲಿ ಒಂದು ಛಾವಣಿಗೆ ಹಲವು ಸಂಸಾರಗಳು ಪಾಲುದಾರರು, ನಿಜ. ಆದರೂ ಒಂದು ಪಾಲನ್ನಾದರೂ ತೊಟ್ಟಿಗೆ ತುಂಬಿಸಬಹುದು, ನೆಲಕ್ಕೆ ಇಂಗಿಸಬಹುದು. ನಗರಾಡಳಿತವು 2002ರಲ್ಲಿ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿತು. 2007ರಲ್ಲಿ ಸಣ್ಣ ನಿವೇಶನಗಳಿಗೂ ಅದನ್ನು ವಿಸ್ತರಿಸಿತು.

ನೂರೈವತ್ತು ವರ್ಷಗಳ ಕಾಲ ನೀರನ್ನು ಹೊರಗಿನಿಂದ ತಂದ ನಗರವು ಹೀಗೆ ಮರಳಿ ಮನೆಯತ್ತ ನೋಡತೊಡಗಿದೆ. ಆದರೆ ಕಾಯಿದೆಯು ತೊಟ್ಟಿಯನ್ನು ಕಟ್ಟಿಸಬಲ್ಲುದಲ್ಲದೆ ವಿವೇಕವನ್ನಲ್ಲ. ಬಾವಿಯ ಹಗ್ಗ ಕಲಿಸುತ್ತಿದ್ದ ಅಳತೆಯನ್ನು ನಲ್ಲಿಯ ಮುಂದೆ ನಿಂತವರು ತಾವೇ ನೆನಪಿನಲ್ಲಿಟ್ಟುಕೊಳ್ಳಬೇಕಾಗಿದೆ.