ಚೆನ್ನೆಮಣೆಯಿಂದ ಮೊಬೈಲ್ ಆಟದವರೆಗೆ

ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ನಮ್ಮ ಹುಲಿಕಲ್ಲೂ ಒಂದು. ಆಷಾಢದ ಜಡಿಮಳೆಯಲ್ಲಿ ಹಿಂದಿನ ಮಕ್ಕಳಿಗೆ ಮನೆಯ ಜಗಲಿಯೇ ಆಟದ ಬಯಲು. ಚೆನ್ನೆಮಣೆಯ 14 ಗುಳಿಗಳಲ್ಲಿ ಬೀಜ ಹಂಚುತ್ತ, ಎದುರಿನವರ ಗುಳಿಯಲ್ಲಿ ಎಷ್ಟು ಉಳಿದಿವೆಯೆಂದು ಮನಸ್ಸಿನಲ್ಲೇ ಎಣಿಸುತ್ತ ಕೂರುತ್ತಿದ್ದರು. ಅದೂ ಏಕಾಗ್ರತೆ ಬೇಡುವ ಆಟವೇ. ಆದರೆ ಜೊತೆಗಾರ ಎದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು.

1972ರಲ್ಲಿ ಅಮೆರಿಕದಲ್ಲಿ ಬಂದ 'ಪಾಂಗ್' ವಿಡಿಯೋ ಗೇಮನ್ನು ಜನಪ್ರಿಯಗೊಳಿಸಿತು. ನಮ್ಮ ಹಳ್ಳಿಗಳ ಮಕ್ಕಳ ಕೈಗೆ ಇಂಥ ಆಟಗಳು ವ್ಯಾಪಕವಾಗಿ ಬಂದದ್ದು ಬಹಳ ತಡವಾಗಿ. 2016ರ ನಂತರ ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿ ಮೊಬೈಲ್ ಕೊಡಿಸುವುದು ಅನಿವಾರ್ಯವಾಯಿತು. ನೆಟ್‌ವರ್ಕ್ ಹುಡುಕಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದರು. ಪಾಠ ಬಂದ ಮೊಬೈಲಿನಲ್ಲೇ ಆಟವೂ ಬಂತು. ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿಯನ್ನು ನಿಷೇಧಿಸಿತಾದರೂ ಬೇರೆ ಆಟಗಳು ಉಳಿದವು.

ಇವು ಮಕ್ಕಳ ಗಮನವನ್ನು ಕೆಡಿಸುತ್ತವೆಯೇ? ಸಂಶೋಧನೆ ಒಂದೇ ಮಾತು ಹೇಳುವುದಿಲ್ಲ. ವೇಗದ ಆಟಗಳನ್ನು ಆಡುವವರು ಕಣ್ಣಿಗೆ ಬೀಳುವ ಹಲವು ವಸ್ತುಗಳನ್ನು ಒಟ್ಟಿಗೆ ಗಮನಿಸುವುದರಲ್ಲಿ ಚುರುಕು ಎಂದು 2003ರಲ್ಲಿ ಗ್ರೀನ್ ಮತ್ತು ಬವೇಲಿಯರ್ ತೋರಿಸಿದರು. ಸಿಂಗಪುರದಲ್ಲಿ 3,034 ಮಕ್ಕಳನ್ನು ಮೂರು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ಕಂಡಿತು: ಹೆಚ್ಚು ಆಡಿದವರಲ್ಲಿ ಮುಂದೆ ಗಮನದ ತೊಂದರೆ ಹೆಚ್ಚಿತ್ತು, ಮೊದಲೇ ಗಮನದ ತೊಂದರೆ ಇದ್ದವರು ಮುಂದೆ ಹೆಚ್ಚು ಆಡುತ್ತಿದ್ದರು. ಎಂದರೆ ದೋಷವನ್ನೆಲ್ಲ ಮೊಬೈಲಿನ ಮೇಲೆ ಹೊರಿಸಿದರೆ, ಮೊದಲೇ ಕಷ್ಟದಲ್ಲಿದ್ದ ಮಗು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆಟದಲ್ಲಿ ಕ್ಷಣಕ್ಷಣಕ್ಕೂ ಅಂಕ, ಬಹುಮಾನ ಸಿಗುತ್ತವೆ. ಬೀಜಗಣಿತದ ಲೆಕ್ಕ ಹಾಗಲ್ಲ, ಕಾಯಬೇಕು. ಹುಡುಗನಿಗೆ ಗಮನವೇ ಇಲ್ಲವೆಂದಲ್ಲ; ಕಾಯುವ ಅಭ್ಯಾಸ ತಪ್ಪುತ್ತಿದೆ. ತಡರಾತ್ರಿಯವರೆಗೆ ಆಡಿದರೆ ನಿದ್ದೆಯೂ ಕೆಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ 'ಶಟ್' ಕ್ಲಿನಿಕ್ ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಅಂಗೀಕರಿಸಿದ ರೋಗಪಟ್ಟಿಯಲ್ಲಿ ಗೇಮಿಂಗ್ ಅಸ್ವಸ್ಥತೆ ಸೇರಿತು. ಆಡುವವರೆಲ್ಲ ರೋಗಿಗಳಲ್ಲ. ಹಿಡಿತ ತಪ್ಪಿ, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿ, ಹಾನಿಯಾದರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷದಷ್ಟು ಕಾಲ ಹಾಗೇ ಮುಂದುವರಿದರೆ ಅದು ಕಾಯಿಲೆ.

ಪೋಷಕರು "ಎಷ್ಟು ಹೊತ್ತು ಆಡಿದೆ?" ಎಂದು ಕೇಳುವುದರ ಜೊತೆಗೆ, ಊಟಕ್ಕೆ ಕರೆದಾಗ ಮಗು ಮೊಬೈಲ್ ಕೆಳಗಿಡುತ್ತದೆಯೇ ಎಂದೂ ನೋಡಲಿ. ಹಳೆಯ ವಿದ್ಯಾರ್ಥಿಗಳಾದ ನಾವು ಸುವರ್ಣ ಮಹೋತ್ಸವದ ಕಾಣಿಕೆಯಾಗಿ ಶಾಲೆಗೆ ಒಂದಷ್ಟು ಚೆನ್ನೆಮಣೆ, ಚದುರಂಗ, ಕೇರಂ ಬೋರ್ಡುಗಳನ್ನು ಕೊಡೋಣ. ಮಳೆಗಾಲ ಹೇಗೂ ಬರುತ್ತದೆ.